ಸರ್ ಎಂ. ವಿಶ್ವೇಶ್ವರಯ್ಯನವರು ಮತ್ತು ಮೂಸಿ ನದಿಯ ಪ್ರವಾಹದ ಅಂದಾಜು

ಭಾರತರತ್ನ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರು ಕೃಷ್ಣರಾಜಸಾಗರ ಅಣೆಕಟ್ಟೆಯೊಂದಿಗೆ ಸೇರಿಕೊಂಡು ಕನ್ನಡಿಗರ ಮನೆಮಾತಾಗಿದೆ. ಮೈಸೂರು ಸಂಸ್ಥಾನದ ಸೇವೆಗೆ ಬರುವ ಮೊದಲು ಅವರು ನೆರೆಯ ಹೈದರಾಬಾದ್ ನಗರದಲ್ಲಿ ಕೈಗೊಂಡ ಪ್ರವಾಹ ಸಂಬಂಧಿ ಕಾರ್ಯವು ಅಷ್ಟಾಗಿ ಪ್ರಚಾರ ಪಡೆದಿಲ್ಲ. ನಗರದೊಳಗೆ ಹರಿಯುವ ನದಿ, ಹಳ್ಳ ಹಾಗೂ ಕಾಲುವೆಗಳಲ್ಲಿ ಎಷ್ಟು ನೀರು ಬರಬಹುದು, ಆ ನೀರು ಯಾವ ಮಟ್ಟಕ್ಕೆ ಏರಬಹುದು ಎಂಬುದನ್ನು ಮುಂಚಿತವಾಗಿ ಲೆಕ್ಕ ಹಾಕುವುದರ ಮಹತ್ವ ಈ ಕಾರ್ಯದಿಂದ ಸ್ಪಷ್ಟವಾಗುತ್ತದೆ. ನಿವೇಶನ, ಬಡಾವಣೆ ಹಾಗೂ ಕಟ್ಟಡ ನಕ್ಷೆಗಳ ಅನುಮೋದನೆಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನ ಮತ್ತು ಸದರಿ ಕಾರ್ಯದ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಚಿಕ್ಕಬಳ್ಳಾಪುರದಲ್ಲಿ ಪ್ರಾರಂಭಿಕ ಶಿಕ್ಷಣ ಪಡೆದು, ಬೆಂಗಳೂರಿಗೆ ಬಂದು ಸೋದರಮಾವನವರ ಆಶ್ರಯದಲ್ಲಿ ವ್ಯಾಸಂಗ ಮುಂದುವರಿಸಿದರು. ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಖರ್ಚನ್ನು ತಾವೇ ನಿಭಾಯಿಸುತ್ತಾ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಪದವಿ ಪಡೆದರು. ಅನಂತರ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನದೊಂದಿಗೆ ತೇರ್ಗಡೆಯಾದರು.

ಮುಂಬಯಿ ಪ್ರಾಂತದಲ್ಲಿ ಸೇವೆ

1884ರಲ್ಲಿ ಅವರು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆಗಿ ನೇಮಕಗೊಂಡರು. ಖಾನ್‌ದೇಶ ಪ್ರದೇಶದಲ್ಲಿ ಮಳೆಗಾಲದ ಮಧ್ಯೆ ಹೊಳೆಗೆ ಅಡ್ಡಲಾಗಿ ನೀರಿನ ಕೊಳವೆ ಹಾಯಿಸುವ ಕಾಮಗಾರಿಯು ಅವರಿಗೆ ವಹಿಸಲಾದ ಆರಂಭಿಕ ಕೆಲಸಗಳಲ್ಲಿ ಒಂದಾಗಿತ್ತು. ಮುಂದಿನ ವರ್ಷಗಳಲ್ಲಿ ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣದ ನೀರು ಸರಬರಾಜು ಯೋಜನೆಯನ್ನು ಅವರು ರೂಪಿಸಿದರು. ಏಡನ್ ನಗರದ ನೀರು ಸರಬರಾಜು ಹಾಗೂ ಒಳಚರಂಡಿ ಕುರಿತು ವರದಿ ನೀಡಿದರು.

ಪುಣೆಯ ಸಮೀಪದ ಖಡಕ್‌ವಾಸ್ಲಾ ಜಲಾಶಯದಲ್ಲಿ 1903ರಲ್ಲಿ ಅಳವಡಿಸಲಾದ ಸ್ವಯಂಚಾಲಿತ ಬಾಗಿಲುಗಳು ಅವರಿಗೆ ಹೆಚ್ಚಿನ ಕೀರ್ತಿ ತಂದವು. ನೀರು ನಿಗದಿತ ಮಟ್ಟವನ್ನು ಮೀರಿದೊಡನೆ ಈ ಬಾಗಿಲುಗಳು ತಾವಾಗಿಯೇ ತೆರೆದುಕೊಂಡು ಹೆಚ್ಚುವರಿ ನೀರನ್ನು ಹೊರಬಿಡುತ್ತಿದ್ದವು. ಮಟ್ಟ ಇಳಿದಾಗ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಇದರಿಂದ ಅಣೆಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ಸಂಗ್ರಹಿಸಲು ಸಾಧ್ಯವಾಯಿತು. ಪ್ರವಾಹ ಬಂದಾಗ ಅಣೆಕಟ್ಟೆಯ ಸುರಕ್ಷತೆಗೂ ಧಕ್ಕೆ ಇರಲಿಲ್ಲ. ನೀರಿನ ಪ್ರಮಾಣ ಮತ್ತು ನೀರಿನ ಮಟ್ಟ ಇವೆರಡನ್ನೂ ಒಟ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವ ಈ ಕ್ರಮವೇ ಮುಂದೆ ಹೈದರಾಬಾದಿನಲ್ಲಿ ಅವರಿಗೆ ಅಗತ್ಯವಾಯಿತು.

ಸುಮಾರು ಕಾಲು ಶತಮಾನದ ಸೇವೆಯ ನಂತರ 1908ರಲ್ಲಿ ಅವರು ಸ್ವಇಚ್ಛೆಯಿಂದ ಸೇವೆ ತೊರೆಯಲು ನಿರ್ಧರಿಸಿ, ವಿದೇಶ ಪ್ರವಾಸ ಕೈಗೊಂಡರು. ಯುರೋಪಿನಲ್ಲಿದ್ದಾಗಲೇ ಹೈದರಾಬಾದ್ ನಿಜಾಮರ ಸರ್ಕಾರದಿಂದ ಅವರಿಗೆ ಕರೆ ಬಂದಿತು.

1908ರ ಸೆಪ್ಟೆಂಬರ್ ತಿಂಗಳ ಮಹಾಪ್ರವಾಹ

ಮೂಸಿ ನದಿಯು ವಿಕಾರಾಬಾದ್ ಬಳಿಯ ಅನಂತಗಿರಿ ಬೆಟ್ಟಗಳಲ್ಲಿ ಹುಟ್ಟಿ, ಪೂರ್ವಕ್ಕೆ ಹರಿದು, ಹೈದರಾಬಾದ್ ನಗರವನ್ನು ಎರಡು ಭಾಗ ಮಾಡಿ ಮುಂದೆ ಸಾಗಿ ಕೃಷ್ಣಾ ನದಿಯನ್ನು ಸೇರುತ್ತದೆ. ನಗರದ ಮೇಲ್ಭಾಗದಲ್ಲಿ ಈಸಿ ಎಂಬ ಉಪನದಿ ಇದಕ್ಕೆ ಕೂಡಿಕೊಳ್ಳುತ್ತದೆ. ವರ್ಷದ ಬಹುಕಾಲ ಈ ನದಿಯಲ್ಲಿ ನೀರು ತೀರಾ ಕಡಿಮೆ. ಆದುದರಿಂದ ದಡಗಳ ಮೇಲೆ, ತಗ್ಗು ಪ್ರದೇಶಗಳಲ್ಲಿ ದಟ್ಟವಾಗಿ ಮನೆಗಳು ಬೆಳೆದಿದ್ದವು.

1908ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಈ ಪ್ರದೇಶದ ಮೇಲೆ ಅಸಾಧಾರಣ ಮಳೆ ಸುರಿಯಿತು. ನಗರದ ಸಮೀಪದ ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ, ಅಂದರೆ ಸುಮಾರು 325 ಮಿ.ಮೀ. ಮಳೆ ದಾಖಲಾಯಿತು. 48 ಗಂಟೆಗಳ ಮಳೆ 18.9 ಅಂಗುಲ, ಅಂದರೆ ಸುಮಾರು 480 ಮಿ.ಮೀ. ಆಗಿತ್ತು. ಸೆಪ್ಟೆಂಬರ್ 28ರಂದು ಮೂಸಿ ನದಿಯು ದಡ ಮೀರಿ ನಗರವನ್ನು ಹೊಕ್ಕಿತು. ಅಫ್ಜಲ್‌ಗಂಜ್ ಮೊದಲಾದ ಪ್ರದೇಶಗಳು ಜಲಾವೃತವಾದವು. ಅಫ್ಜಲ್ ಸೇತುವೆ ಕೊಚ್ಚಿಹೋಯಿತು. ಸುಮಾರು 19,000 ಮನೆಗಳು ನೆಲಸಮವಾಗಿ, ಸುಮಾರು 80,000 ಜನರು ನಿರಾಶ್ರಿತರಾದರು. ಪ್ರಾಣ ಕಳೆದುಕೊಂಡವರ ಸಂಖ್ಯೆ ಸುಮಾರು 15,000 ಎಂಬ ಅಂದಾಜಿದೆ. ಅಫ್ಜಲ್‌ಗಂಜ್ ಆಸ್ಪತ್ರೆಯ ಆವರಣದಲ್ಲಿದ್ದ ಒಂದು ಹುಣಸೆ ಮರವನ್ನು ಏರಿ ಸುಮಾರು 150 ಜನರು ಜೀವ ಉಳಿಸಿಕೊಂಡರು. ಆ ಮರ ಈಗಲೂ ಪ್ರವಾಹದ ಸ್ಮಾರಕವೆಂದು ಗೌರವಿಸಲ್ಪಡುತ್ತದೆ.

ಹೈದರಾಬಾದಿನಲ್ಲಿ ವಹಿಸಿಕೊಂಡ ಹೊಣೆ

ವಿಶ್ವೇಶ್ವರಯ್ಯನವರು 1909ರ ಏಪ್ರಿಲ್ ತಿಂಗಳಿನಲ್ಲಿ ಹೈದರಾಬಾದಿಗೆ ಆಗಮಿಸಿ, ಸಲಹೆಗಾರ ಇಂಜಿನಿಯರ್ ಆಗಿ ಕಾರ್ಯಭಾರ ವಹಿಸಿಕೊಂಡರು. ನಗರದ ಪುನರ್ನಿರ್ಮಾಣಕ್ಕೆ ಸಲಹೆ ನೀಡುವುದು, ಮುಂದಿನ ಪ್ರವಾಹಗಳಿಂದ ನಗರವನ್ನು ರಕ್ಷಿಸುವ ಯೋಜನೆ ರೂಪಿಸುವುದು ಹಾಗೂ ಇಡೀ ನಗರಕ್ಕೆ ಒಳಚರಂಡಿ ವ್ಯವಸ್ಥೆಯನ್ನು ಸಿದ್ಧಪಡಿಸುವುದು ಎಂಬ ಮೂರು ಕೆಲಸಗಳನ್ನು ಅವರಿಗೆ ವಹಿಸಲಾಗಿತ್ತು.

ದುರಂತ ನಡೆದ ಕೆಲವೇ ತಿಂಗಳುಗಳಲ್ಲಿ ನಗರದ ಜನರು ಮತ್ತೆ ಮನೆ ಕಟ್ಟಿಕೊಳ್ಳುವ ಅಗತ್ಯವಿದ್ದಿತು. ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದು ಎಂದು ಹೇಳಬೇಕಾದರೆ ಅಷ್ಟೇ ದೊಡ್ಡ ಪ್ರವಾಹ ಮತ್ತೊಮ್ಮೆ ಬಂದಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ ಎಂಬುದು ತಿಳಿದಿರಬೇಕಾಗಿತ್ತು. ಅದನ್ನು ತಿಳಿಯಲು ಮೊದಲು ನದಿಯಲ್ಲಿ ಹರಿದುಹೋದ ನೀರಿನ ಪ್ರಮಾಣವನ್ನು ನಿರ್ಧರಿಸಬೇಕಾಗಿತ್ತು. ಇಂತಹ ಪ್ರವಾಹ ಬರುವಾಗ ನದಿಯಲ್ಲಿ ನಿಂತು ಅಳತೆ ಮಾಡುವುದು ಅಸಾಧ್ಯ. ಆದ ಕಾರಣ ಪ್ರವಾಹ ಇಳಿದ ಮೇಲೆ ಉಳಿದ ಕುರುಹುಗಳಿಂದ ಹಾಗೂ ಲಭ್ಯವಿದ್ದ ಮಳೆಯ ದಾಖಲೆಗಳಿಂದ ಲೆಕ್ಕವನ್ನು ಕಟ್ಟಬೇಕಾಯಿತು.

ಪ್ರವಾಹದ ಪ್ರಮಾಣವನ್ನು ಅಂದಾಜು ಮಾಡುವ ಕ್ರಮ

ಇಂತಹ ಅಂದಾಜಿಗೆ ಇಂಜಿನಿಯರುಗಳು ಎರಡು ಮಾರ್ಗಗಳನ್ನು ಅನುಸರಿಸುತ್ತಾರೆ.

ಮೊದಲನೆಯದು, ನದಿಯ ಪಾತ್ರದಿಂದ ಲೆಕ್ಕ ಹಾಕುವ ಮಾರ್ಗ. ಗೋಡೆಗಳು, ಸೇತುವೆಯ ಕಂಬಗಳು ಹಾಗೂ ಮರಗಳ ಮೇಲೆ ಉಳಿದ ನೀರಿನ ಗುರುತುಗಳನ್ನು ಹುಡುಕಿ, ಅವುಗಳ ಎತ್ತರವನ್ನು ಮಟ್ಟಸ ಮಾಪನದಿಂದ ದಾಖಲಿಸಲಾಗುತ್ತದೆ. ಅದೇ ಸ್ಥಳಗಳಲ್ಲಿ ನದಿಯ ಅಡ್ಡಕೊಯ್ತವನ್ನು ಅಳೆದು, ನೀರು ಹರಿದ ಜಾಗದ ವಿಸ್ತೀರ್ಣವನ್ನು ಕಂಡುಹಿಡಿಯಲಾಗುತ್ತದೆ. ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ಇರುವ ಎತ್ತರದ ವ್ಯತ್ಯಾಸದಿಂದ ನೀರಿನ ಇಳಿಜಾರು ತಿಳಿಯುತ್ತದೆ. ಇಳಿಜಾರು, ನೀರಿನ ಆಳ ಹಾಗೂ ಪಾತ್ರದ ಒರಟುತನ ಇವುಗಳಿಂದ ವೇಗವನ್ನು ಲೆಕ್ಕ ಹಾಕಿ, ವೇಗವನ್ನು ವಿಸ್ತೀರ್ಣದಿಂದ ಗುಣಿಸಿದಾಗ ಪ್ರವಾಹದ ಪ್ರಮಾಣ ದೊರೆಯುತ್ತದೆ. ಇದನ್ನು ಕ್ಯೂಸೆಕ್, ಅಂದರೆ ಸೆಕೆಂಡಿಗೆ ಒಂದು ಘನ ಅಡಿ ಎಂಬ ಮಾನದಲ್ಲಿ ಹೇಳಲಾಗುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್.

ಎರಡನೆಯದು, ಮಳೆಯಿಂದ ಲೆಕ್ಕ ಹಾಕುವ ಮಾರ್ಗ. ನದಿಗೆ ನೀರು ಒದಗಿಸುವ ಜಲಾನಯನ ಪ್ರದೇಶದ ವಿಸ್ತೀರ್ಣ, ಅಲ್ಲಿ ಬಿದ್ದ ಮಳೆಯ ತೀವ್ರತೆ ಹಾಗೂ ಅದರಲ್ಲಿ ನೆಲಕ್ಕೆ ಇಂಗದೆ ಹರಿದು ಬರುವ ಪಾಲು ಇವು ಮೂರನ್ನು ಗುಣಿಸಿ ಅಂದಾಜು ಪಡೆಯಲಾಗುತ್ತದೆ. ಒಂದು ಎಕರೆ ಭೂಮಿಯ ಮೇಲೆ ಗಂಟೆಗೆ ಒಂದು ಅಂಗುಲದಂತೆ ಬೀಳುವ ಮಳೆಯೆಲ್ಲವೂ ಹರಿದು ಬಂದಲ್ಲಿ ಅದು ಹೆಚ್ಚುಕಡಿಮೆ ಒಂದು ಕ್ಯೂಸೆಕ್ ಆಗುತ್ತದೆ. ಸಣ್ಣ ಹಳ್ಳ ಹಾಗೂ ನಗರದ ಕಾಲುವೆಗಳ ಲೆಕ್ಕಕ್ಕೆ ಈ ಸರಳ ಸೂತ್ರವು 19ನೇ ಶತಮಾನದಿಂದಲೂ ಬಳಕೆಯಲ್ಲಿದೆ. ಎರಡೂ ಮಾರ್ಗಗಳಿಂದ ಬಂದ ಉತ್ತರಗಳನ್ನು ಹೋಲಿಸಿ ನೋಡಿದಾಗ ಅಂದಾಜಿನ ಮೇಲೆ ಭರವಸೆ ಮೂಡುತ್ತದೆ.

ಮೂಸಿ ನದಿಯ ಅಂಕಿ ಅಂಶಗಳು

ವಿಶ್ವೇಶ್ವರಯ್ಯನವರ ಅಧ್ಯಯನದ ಪ್ರಕಾರ ಹೈದರಾಬಾದ್ ನಗರದ ಮೇಲ್ಭಾಗದಲ್ಲಿ ಮೂಸಿ ನದಿಯ ಜಲಾನಯನ ಪ್ರದೇಶ 860 ಚದರ ಮೈಲಿ, ಅಂದರೆ ಸುಮಾರು 2,230 ಚದರ ಕಿ.ಮೀ. 1908ರ ಪ್ರವಾಹದ ಗರಿಷ್ಠ ಪ್ರಮಾಣ 4,25,000 ಕ್ಯೂಸೆಕ್ ಎಂದು ಅಂದಾಜಾಯಿತು. ಇದು ಸೆಕೆಂಡಿಗೆ ಸುಮಾರು 12,000 ಘನ ಮೀಟರ್‌ಗೆ ಸಮ.

ಈ ಸಂಖ್ಯೆಯನ್ನು ಮೇಲೆ ಹೇಳಿದ ಸರಳ ಸೂತ್ರದೊಂದಿಗೆ ಹೋಲಿಸಿದಲ್ಲಿ ಒಂದು ಮುಖ್ಯ ವಿಷಯ ತಿಳಿಯುತ್ತದೆ. 4,25,000 ಕ್ಯೂಸೆಕ್ ಪ್ರವಾಹವು ಇಡೀ ಜಲಾನಯನ ಪ್ರದೇಶದಿಂದ ಗಂಟೆಗೆ ಸುಮಾರು 0.77 ಅಂಗುಲದಂತೆ ನೀರು ಹರಿದು ಬಂದುದಕ್ಕೆ ಸಮನಾಗುತ್ತದೆ. ಆದರೆ ಶಂಷಾಬಾದಿನ 24 ಗಂಟೆಗಳ ಮಳೆಯ ಸರಾಸರಿ ಗಂಟೆಗೆ ಸುಮಾರು 0.53 ಅಂಗುಲ ಮಾತ್ರ. ಅಷ್ಟೇ ಮಳೆ ಎಲ್ಲೆಡೆ ಬಿದ್ದಿತೆಂದೂ, ಒಂದು ಹನಿಯೂ ಇಂಗಲಿಲ್ಲವೆಂದೂ ಭಾವಿಸಿದರೂ ಸರಾಸರಿ ಲೆಕ್ಕದಿಂದ ಈ ಪ್ರವಾಹದ ಪ್ರಮಾಣವನ್ನು ಪಡೆಯಲಾಗುವುದಿಲ್ಲ. ಮಳೆ ಅತ್ಯಂತ ಜೋರಾಗಿದ್ದ ಕೆಲವು ಗಂಟೆಗಳು ಹಾಗೂ ಮೊದಲೇ ಕೆರೆಗಳಲ್ಲಿ ನಿಂತಿದ್ದ ನೀರು ಇವೆರಡನ್ನೂ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ.

ಕೆರೆಗಳ ವಿಷಯವನ್ನು ವಿಶ್ವೇಶ್ವರಯ್ಯನವರು ವಿಶೇಷವಾಗಿ ಪರಿಶೀಲಿಸಿದ್ದರು. ಈ ಜಲಾನಯನ ಪ್ರದೇಶದಲ್ಲಿ 788 ಕೆರೆಗಳಿದ್ದವು. ಹೆಚ್ಚುಕಡಿಮೆ ಪ್ರತಿ ಚದರ ಮೈಲಿಗೆ ಒಂದು ಕೆರೆ. ಇವುಗಳಲ್ಲಿ 221 ಕೆರೆಗಳು ಆ ಮಳೆಯಲ್ಲಿ ಒಡೆದುಹೋದವು. ಸಾಧಾರಣ ಮಳೆಯಲ್ಲಿ ಕೆರೆಗಳು ನೀರನ್ನು ತಡೆದು ನದಿಯ ಭಾರವನ್ನು ಇಳಿಸುತ್ತವೆ. ಕೋಡಿಯ ಸಾಮರ್ಥ್ಯಕ್ಕಿಂತ ಹೆಚ್ಚು ನೀರು ಬಂದು ಒಂದು ಕೆರೆಯ ಏರಿ ಒಡೆದರೆ ಅದರ ನೀರು ಕೆಳಗಿನ ಕೆರೆಗೆ ನುಗ್ಗುತ್ತದೆ. ಆ ಕೆರೆಯೂ ಒಡೆದರೆ ಎರಡರ ನೀರೂ ಒಟ್ಟಾಗಿ ಮುಂದಕ್ಕೆ ಹರಿಯುತ್ತದೆ. ನಗರದ ಜನರು ಕಂಡದ್ದು ನದಿಯ ಪ್ರವಾಹವಾದರೂ ಅದರ ಒಂದು ಪಾಲು ಹಲವು ಮೈಲಿ ದೂರದ ಗ್ರಾಮಗಳ ಕೆರೆಗಳಿಂದ ಬಂದಿದ್ದಿತು.

ನೀರಿನ ಮಟ್ಟದ ಪ್ರಶ್ನೆ

ಪ್ರವಾಹದ ಪ್ರಮಾಣ ತಿಳಿದ ಮಾತ್ರಕ್ಕೆ ನೀರಿನ ಮಟ್ಟ ತಿಳಿಯುವುದಿಲ್ಲ. ಅದೇ ಪ್ರಮಾಣದ ನೀರು ಅಗಲವಾದ, ನೇರವಾದ ಪಾತ್ರದಲ್ಲಿ ತಗ್ಗಿನಲ್ಲಿ ಹರಿದುಹೋಗುತ್ತದೆ. ಕಿರಿದಾದ, ಅಡೆತಡೆಗಳಿರುವ ಪಾತ್ರದಲ್ಲಿ ಎತ್ತರಕ್ಕೆ ಏರುತ್ತದೆ. ಸೇತುವೆಯ ಕಮಾನುಗಳು ಸಾಲದಾದಾಗ ಅಥವಾ ಕೊಚ್ಚಿಬಂದ ಮರಗಳಿಂದ ಕಟ್ಟಿಕೊಂಡಾಗ ಸೇತುವೆಯ ಮೇಲ್ಭಾಗದಲ್ಲಿ ನೀರು ಹಿಂದಕ್ಕೆ ನಿಂತು ಮಟ್ಟ ಹೆಚ್ಚುತ್ತದೆ. ದಡದಲ್ಲಿ ಕಟ್ಟಿದ ಮನೆ, ಗೋಡೆ ಹಾಗೂ ತುಂಬಿದ ಮಣ್ಣು ಇವೆಲ್ಲವೂ ನದಿಯ ಅಡ್ಡಕೊಯ್ತವನ್ನು ಕಡಿಮೆ ಮಾಡುತ್ತವೆ. ಈ ಕಾರಣದಿಂದ ಒಬ್ಬರು ತಮ್ಮ ನಿವೇಶನದಲ್ಲಿ ಮಾಡಿದ ಬದಲಾವಣೆಯು ಮೇಲ್ಭಾಗದಲ್ಲಿರುವ ಮತ್ತೊಬ್ಬರ ಮನೆಗೆ ನೀರು ನುಗ್ಗಲು ಕಾರಣವಾಗಬಹುದು.

ವರದಿ ಮತ್ತು ಶಿಫಾರಸುಗಳು

ವಿಶ್ವೇಶ್ವರಯ್ಯನವರು ತಮ್ಮ ವರದಿಯನ್ನು 1909ರ ಅಕ್ಟೋಬರ್ 1ರಂದು ಸಲ್ಲಿಸಿದರು. ಇಷ್ಟು ದೊಡ್ಡ ಪ್ರವಾಹವನ್ನು ನಗರದೊಳಗಿನ ನದಿಯ ಪಾತ್ರದಲ್ಲಿಯೇ ನಿಭಾಯಿಸುವುದು ಸಾಧ್ಯವಿಲ್ಲ. ನಗರದ ರಕ್ಷಣೆಯು ನಗರದ ಮೇಲ್ಭಾಗದ ಕಣಿವೆಗಳಲ್ಲಿ ಆಗಬೇಕು ಎಂಬುದು ಅವರ ಮುಖ್ಯ ನಿರ್ಣಯವಾಗಿದ್ದಿತು. ಅದರಂತೆ ಮೂಸಿ ನದಿಗೆ ಒಂದು ಹಾಗೂ ಈಸಿ ನದಿಗೆ ಒಂದು, ಹೀಗೆ ಎರಡು ಜಲಾಶಯಗಳನ್ನು ನಿರ್ಮಿಸಿ, ಪ್ರವಾಹದ ನೀರನ್ನು ಅಲ್ಲಿ ತಡೆದು, ನದಿಯ ಪಾತ್ರ ಹೊರಬಲ್ಲಷ್ಟು ನೀರನ್ನು ಮಾತ್ರ ಕ್ರಮವಾಗಿ ಬಿಡಬೇಕೆಂದು ಅವರು ಶಿಫಾರಸು ಮಾಡಿದರು. ನಗರದೊಳಗೆ ನದಿಯ ದಡಗಳನ್ನು ಎತ್ತರಿಸುವುದು, ದಡದ ಉದ್ದಕ್ಕೂ ಉದ್ಯಾನ ಹಾಗೂ ಸಂಚಾರ ಮಾರ್ಗಗಳನ್ನು ನಿರ್ಮಿಸುವುದು ಸಹ ಅವರ ಸಲಹೆಗಳಲ್ಲಿ ಸೇರಿದ್ದವು. ದಡದಲ್ಲಿ ಉದ್ಯಾನವಿದ್ದಲ್ಲಿ ನೀರು ಏರಿದಾಗ ಆಸ್ತಿಪಾಸ್ತಿ ಹಾಗೂ ಜೀವಹಾನಿಯ ಸಂಭವ ಕಡಿಮೆ ಎಂಬ ಪ್ರಯೋಜನವೂ ಇಂತಹ ಏರ್ಪಾಡಿನಲ್ಲಿದೆ.

ಜಲಾಶಯಗಳ ನಿರ್ಮಾಣ

ಪ್ರವಾಹದ ಕಾಲದಲ್ಲಿ ಆಳುತ್ತಿದ್ದ ಆರನೇ ನಿಜಾಮ ಮಹಬೂಬ್ ಅಲಿ ಖಾನರು 1911ರಲ್ಲಿ ನಿಧನರಾದರು. ಅವರ ಉತ್ತರಾಧಿಕಾರಿಯಾದ ಉಸ್ಮಾನ್ ಅಲಿ ಖಾನರ ಆಳ್ವಿಕೆಯಲ್ಲಿ, 1912ರಲ್ಲಿ ನಗರ ಸುಧಾರಣಾ ಮಂಡಳಿಯನ್ನು ಸ್ಥಾಪಿಸಲಾಯಿತು. ಮೂಸಿ ನದಿಯ ಉಸ್ಮಾನ್‌ಸಾಗರ 1920ರಲ್ಲಿ ಹಾಗೂ ಈಸಿ ನದಿಯ ಹಿಮಾಯತ್‌ಸಾಗರ 1927ರಲ್ಲಿ ಪೂರ್ಣಗೊಂಡವು. ಪ್ರವಾಹ ತಡೆಗಾಗಿ ಯೋಜಿಸಲಾದ ಈ ಜಲಾಶಯಗಳು ಅನೇಕ ದಶಕಗಳ ಕಾಲ ಹೈದರಾಬಾದ್ ನಗರದ ಕುಡಿಯುವ ನೀರಿನ ಮುಖ್ಯ ಆಸರೆಯೂ ಆದವು. ಒಳಚರಂಡಿ ಕಾರ್ಯದ ಸಂಬಂಧವಾಗಿ ವಿಶ್ವೇಶ್ವರಯ್ಯನವರು 1920ರ ದಶಕದಲ್ಲಿ ಮತ್ತೆ ಹೈದರಾಬಾದಿಗೆ ತೆರಳಿ ಸಲಹೆ ನೀಡಿದರು.

ಜಲಾಶಯಗಳಿದ್ದ ಮಾತ್ರಕ್ಕೆ ಪ್ರವಾಹದ ಭಯ ಪೂರ್ಣವಾಗಿ ನಿವಾರಣೆಯಾಗುವುದಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ಪೂರ್ಣ ಮಟ್ಟದಲ್ಲಿ ಉಸ್ಮಾನ್‌ಸಾಗರದ ಸಂಗ್ರಹ ಸುಮಾರು 3.9 ಟಿ.ಎಂ.ಸಿ. ಹಾಗೂ ಹಿಮಾಯತ್‌ಸಾಗರದ ಸಂಗ್ರಹ ಸುಮಾರು 2.97 ಟಿ.ಎಂ.ಸಿ. ಎರಡನ್ನೂ ಕೂಡಿಸಿ 860 ಚದರ ಮೈಲಿಗಳ ಮೇಲೆ ಹರಡಿದರೆ ಅದು ಸುಮಾರು 3.4 ಅಂಗುಲ ನೀರಿಗೆ ಸಮನಾಗುತ್ತದೆ. ಮಳೆ ಬರುವ ಮೊದಲೇ ಜಲಾಶಯಗಳು ತುಂಬಿದ್ದಲ್ಲಿ ಬಂದ ನೀರನ್ನೆಲ್ಲ ಕೆಳಕ್ಕೆ ಬಿಡುವುದು ಅನಿವಾರ್ಯ. ಕುಡಿಯುವ ನೀರಿಗೆ ಜಲಾಶಯ ತುಂಬಿರಬೇಕು. ಪ್ರವಾಹ ತಡೆಗೆ ಜಲಾಶಯದಲ್ಲಿ ಜಾಗ ಖಾಲಿ ಇರಬೇಕು. ಮಳೆಯ ಮುನ್ಸೂಚನೆಯನ್ನು ನೋಡಿಕೊಂಡು ಮುಂಚಿತವಾಗಿಯೇ ಮಟ್ಟವನ್ನು ಇಳಿಸುವುದರಿಂದ ಮಾತ್ರ ಈ ಎರಡೂ ಉದ್ದೇಶಗಳನ್ನು ಹೊಂದಿಸಬಹುದು. ಇದಲ್ಲದೆ ಜಲಾಶಯಗಳ ಕೆಳಗೆ, ನಗರದ ಮೇಲೆಯೇ ಬೀಳುವ ಮಳೆಯನ್ನು ಅವು ತಡೆಯಲಾರವು. 2000ರ ಆಗಸ್ಟ್ ಹಾಗೂ 2020ರ ಅಕ್ಟೋಬರ್ ತಿಂಗಳುಗಳ ಭಾರಿ ಮಳೆಯಲ್ಲಿ ಹೈದರಾಬಾದಿನ ಅನೇಕ ಬಡಾವಣೆಗಳು ಜಲಾವೃತವಾದವು.

ಮೈಸೂರು ಸಂಸ್ಥಾನದ ಸೇವೆ ಮತ್ತು ನಂತರದ ಜೀವನ

ಹೈದರಾಬಾದ್ ವರದಿ ಸಲ್ಲಿಸಿದ ಮರುತಿಂಗಳೇ, 1909ರ ನವೆಂಬರ್‌ನಲ್ಲಿ ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆದರು. ಕಾವೇರಿ ನದಿಗೆ ಅಡ್ಡಲಾಗಿ ಕೃಷ್ಣರಾಜಸಾಗರದ ನಿರ್ಮಾಣ 1911ರಲ್ಲಿ ಆರಂಭವಾಯಿತು. ಹಿಂದೆ ಖಡಕ್‌ವಾಸ್ಲಾದಲ್ಲಿ ಅಳವಡಿಸಿದ್ದ ಸ್ವಯಂಚಾಲಿತ ಬಾಗಿಲುಗಳ ತತ್ತ್ವವನ್ನು ಇಲ್ಲಿಯೂ ಬಳಸಲಾಯಿತು. 1912ರಿಂದ 1918ರವರೆಗೆ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾಗಿ ಸೇವೆ ಸಲ್ಲಿಸಿದರು. ಮೈಸೂರು ಬ್ಯಾಂಕ್ 1913ರಲ್ಲಿ ಹಾಗೂ ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಇವರ ಅವಧಿಯಲ್ಲಿ ಸ್ಥಾಪನೆಗೊಂಡವು. 1915ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು.

ನಿವೃತ್ತಿಯ ನಂತರವೂ ಅವರು ಪ್ರವಾಹದ ವಿಷಯವನ್ನು ಬಿಡಲಿಲ್ಲ. 1930ರ ದಶಕದ ಕೊನೆಯಲ್ಲಿ ಒರಿಸ್ಸಾ ಪ್ರಾಂತದ ಪ್ರವಾಹಗಳ ಸಮಸ್ಯೆಯನ್ನು ಅಧ್ಯಯನ ಮಾಡಿ ವರದಿ ನೀಡಿದರು. 1955ರಲ್ಲಿ ಭಾರತ ಸರ್ಕಾರವು ಅವರಿಗೆ ಭಾರತರತ್ನ ಪ್ರಶಸ್ತಿ ನೀಡಿ ಗೌರವಿಸಿತು. ನೂರು ವರ್ಷಗಳನ್ನು ಪೂರೈಸಿದ ಅವರು 1962ರ ಏಪ್ರಿಲ್ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶದಾದ್ಯಂತ ಇಂಜಿನಿಯರುಗಳ ದಿನವನ್ನಾಗಿ ಆಚರಿಸಲಾಗುತ್ತಿದೆ.

ಅರ್ಜಿದಾರರ ಗಮನಕ್ಕೆ

ಮೂಸಿ ನದಿಯ ಲೆಕ್ಕದಲ್ಲಿ ಕಂಡುಬಂದ ಅಂಶಗಳು ಸಣ್ಣ ಹಳ್ಳ ಹಾಗೂ ರಾಜಕಾಲುವೆಗಳಿಗೂ ಅನ್ವಯಿಸುತ್ತವೆ. 10 ಎಕರೆ ವಿಸ್ತೀರ್ಣದ ಜಮೀನಿನಲ್ಲಿ ಗಂಟೆಗೆ 2 ಅಂಗುಲದಂತೆ ಮಳೆಯಾಗಿ, ಅರ್ಧದಷ್ಟು ನೀರು ಇಂಗಿದಲ್ಲಿ ಸುಮಾರು 10 ಕ್ಯೂಸೆಕ್ ನೀರು ಹೊರಗೆ ಹರಿಯುತ್ತದೆ. ಅದೇ ಜಮೀನು ರಸ್ತೆ, ಮೇಲ್ಛಾವಣಿ ಹಾಗೂ ಕಾಂಕ್ರೀಟ್ ಅಂಗಳಗಳಿಂದ ಮುಚ್ಚಿಹೋಗಿ ನೀರು ಇಂಗದಂತಾದಲ್ಲಿ ಈ ಪ್ರಮಾಣ 20 ಕ್ಯೂಸೆಕ್‌ಗೆ ಸಮೀಪಿಸುತ್ತದೆ. ಕೆಳಗಿನ ಕಾಲುವೆಯ ಅಗಲ ಮಾತ್ರ ಮೊದಲಿನಷ್ಟೇ ಇರುತ್ತದೆ.

ಆದುದರಿಂದ ನಿವೇಶನ ಖರೀದಿಸುವ ಅಥವಾ ನಕ್ಷೆ ಅನುಮೋದನೆಗೆ ಅರ್ಜಿ ಸಲ್ಲಿಸುವ ಮುನ್ನ ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

1. ಗ್ರಾಮ ನಕ್ಷೆಯಲ್ಲಿ ನಿವೇಶನದ ಮೇಲೆ ಅಥವಾ ಪಕ್ಕದಲ್ಲಿ ಹಳ್ಳ, ಕೆರೆ, ಕೋಡಿ ಕಾಲುವೆ ಅಥವಾ ರಾಜಕಾಲುವೆ ತೋರಿಸಲಾಗಿದೆಯೇ ಎಂಬುದು. ಬೇಸಿಗೆಯಲ್ಲಿ ಒಣಗಿದಂತೆ ಕಾಣುವ ಹಳ್ಳವೂ ನೀರಿನ ದಾರಿಯೇ ಆಗಿರುತ್ತದೆ.

2. ಹಿಂದಿನ ಮಳೆಗಾಲಗಳಲ್ಲಿ ನೀರು ಏರಿದ ಮಟ್ಟ. ಸ್ಥಳೀಯ ಹಿರಿಯರಿಂದ ಹಾಗೂ ಗೋಡೆಗಳ ಮೇಲಿನ ಗುರುತುಗಳಿಂದ ಇದನ್ನು ತಿಳಿಯಬಹುದು.

3. ಮೇಲ್ಭಾಗದಲ್ಲಿರುವ ಕೆರೆ ಹಾಗೂ ಅದರ ಕೋಡಿಯ ನೀರು ಹರಿದುಹೋಗುವ ದಿಕ್ಕು.

4. ಕಾಲುವೆಯ ಅಂಚಿನಿಂದ ಬಿಡಬೇಕಾದ ಅಂತರ. ಈ ಬಗ್ಗೆ ಜಾರಿಯಲ್ಲಿರುವ ನಿಯಮಗಳನ್ನು ಸಂಬಂಧಪಟ್ಟ ಯೋಜನಾ ಪ್ರಾಧಿಕಾರ ಅಥವಾ ಸ್ಥಳೀಯ ಸಂಸ್ಥೆಯ ಕಛೇರಿಯಲ್ಲಿ ವಿಚಾರಿಸತಕ್ಕದ್ದು.

ನೀರಿನ ದಾರಿಗಾಗಿ ಬಿಡುವ ಜಾಗವನ್ನು ಸಾರ್ವಜನಿಕರು ನಷ್ಟವೆಂದು ಭಾವಿಸಬಾರದು. 1908ರಲ್ಲಿ ಮೂಸಿ ನದಿಯ ದಡದಲ್ಲಿ ಆ ಜಾಗ ಉಳಿದಿದ್ದಲ್ಲಿ ಅನೇಕ ಜೀವಗಳು ಉಳಿಯುತ್ತಿದ್ದವು.